ರಾಜನಿಗೆ ಮೂಗುದಾರ ಬಿದ್ದದ್ದು ಯಾವಾಗ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. 1215ರ ಮ್ಯಾಗ್ನಾ ಕಾರ್ಟಾ ಇಂಗ್ಲೆಂಡಿನ ರಾಜನ ಅಧಿಕಾರಕ್ಕೆ ಮಿತಿ ಹಾಕಿತು ಎಂದು ಒಂದು ಕಡೆ ಓದುತ್ತೇವೆ. 1689ರ ಹಕ್ಕುಗಳ ಮಸೂದೆಯಿಂದ ನಿಯಂತ್ರಿತ ರಾಜಪ್ರಭುತ್ವ ಬಂತು ಎಂದು ಇನ್ನೊಂದು ಕಡೆ. "ಮಿತಿ ಮೊದಲೇ ಇದ್ದರೆ ನಡುವಿನ 470 ವರ್ಷ ರಾಜರು ಅದನ್ನು ಹೇಗೆ ಮೀರಿದರು? ಎರಡನೆಯ ಕಾಗದಕ್ಕೆ ಮಾತ್ರ ಯಾಕೆ ಬಗ್ಗಿದರು?" ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ. ಸ್ವಲ್ಪ ವಿವರವಾಗಿ ತಿಳಿಸುವಿರಾ?

ಉತ್ತರ: ಆ ಹುಡುಗಿ ಕೇಳಿದ್ದು ಇಡೀ ಪಾಠದ ತಿರುಳನ್ನೇ. ಮೊದಲು ಚುಟುಕಾಗಿ ಹೇಳಿ ಮತ್ತೆ ವಿವರಕ್ಕೆ ಬರುತ್ತೇನೆ. ಎರಡನೆಯ ಕಾಗದಕ್ಕೂ ರಾಜರು ಬಗ್ಗಲಿಲ್ಲ. ಅವರು ಬಗ್ಗಿದ್ದು ಹಣಕ್ಕೆ. 1689ರವರೆಗೆ ಪಾರ್ಲಿಮೆಂಟು ಸಾಮಾನ್ಯವಾಗಿ ಹೊಸ ರಾಜನಿಗೆ ಮುಖ್ಯ ತೆರಿಗೆಗಳನ್ನು ಜೀವಮಾನಕ್ಕೆಂದು ಬರೆದುಕೊಡುತ್ತಿತ್ತು. ಆಮೇಲೆ ಹಾಗೆ ಕೊಡುವುದನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ, ಅವಧಿ ಕಟ್ಟಿ, ಲೆಕ್ಕ ಕೇಳಿ ಕೊಡತೊಡಗಿತು. ರಾಜನ ಜುಟ್ಟು ಪಾರ್ಲಿಮೆಂಟಿನ ಕೈಗೆ ಸಿಕ್ಕಿದ್ದು ಅಲ್ಲಿ. ಹಕ್ಕುಗಳ ಮಸೂದೆ ದೊಡ್ಡ ದಾಖಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆನ್ನಿಗೆ ಈ ಹಣದ ಏರ್ಪಾಡು ಇಲ್ಲದಿದ್ದರೆ ಅದಕ್ಕೂ ಹಿಂದಿನ ಸನ್ನದುಗಳ ಗತಿಯೇ ಆಗುತ್ತಿತ್ತು.

ಮ್ಯಾಗ್ನಾ ಕಾರ್ಟಾದಿಂದಲೇ ಹಿಡಿಯೋಣ. 1215ರ ಜೂನ್‌ನಲ್ಲಿ ಥೇಮ್ಸ್ ದಂಡೆಯ ರನ್ನಿಮೀಡ್ ಬಯಲಿನಲ್ಲಿ ರಾಜ ಜಾನ್ ಅದಕ್ಕೆ ಮುದ್ರೆ ಒತ್ತಿಸಿದ. "ಸಹಿ ಹಾಕಿದ" ಎಂದು ಹಲವು ಪುಸ್ತಕಗಳಲ್ಲಿರುವುದು ಸರಿಯಲ್ಲ; ಮೇಣದ ಮುದ್ರೆ ಮಾತ್ರ ಇತ್ತು. ಅದರ 12ನೆಯ ಕಲಮು, ಕೆಲವು ಬಗೆಯ ಹಣವನ್ನು ರಾಜ್ಯದ ಸಾಮಾನ್ಯ ಸಮ್ಮತಿಯಿಲ್ಲದೆ ಎತ್ತಬಾರದು ಎನ್ನುತ್ತದೆ. ಸ್ವತಂತ್ರ ಮನುಷ್ಯನನ್ನು ಕಾನೂನಿನ ಪ್ರಕಾರವಲ್ಲದೆ ಸೆರೆಗೆ ಹಾಕಬಾರದು ಎನ್ನುವುದು 39ನೆಯದು. ಇವೆರಡನ್ನೂ ನಾವು ಪಾಠದಲ್ಲಿ ಹೇಳುತ್ತೇವೆ. ಹೇಳದೆ ಬಿಡುವುದು 61ನೆಯದನ್ನು. ರಾಜ ಮಾತಿಗೆ ತಪ್ಪಿದರೆ ಏನು ಮಾಡಬೇಕು ಎಂಬುದು ಇರುವುದೇ ಅಲ್ಲಿ: 25 ಮಂದಿ ಸರದಾರರು ಸೇರಿ ಅವನ ಕೋಟೆಗಳನ್ನೂ ಜಮೀನುಗಳನ್ನೂ ವಶಪಡಿಸಿಕೊಂಡು ಅವನನ್ನು ದಾರಿಗೆ ತರಬೇಕು. ಅಂದರೆ ಕರಾರು ಮುರಿದರೆ ಯುದ್ಧ. ಬೇರೆ ಉಪಾಯ ಅದರಲ್ಲಿ ಇರಲಿಲ್ಲ. ಆಗಸ್ಟಿನಲ್ಲಿ ಪೋಪ್ ಮೂರನೇ ಇನೊಸೆಂಟ್ ಆ ಸನ್ನದನ್ನೇ ರದ್ದು ಮಾಡಿದರು, ಯುದ್ಧ ಬಂದೇಬಂತು, ಮರುವರ್ಷ ಜಾನ್ ತೀರಿಕೊಂಡ. 1216, 1217 ಮತ್ತು 1225ರಲ್ಲಿ ಸನ್ನದನ್ನು ಮತ್ತೆ ಹೊರಡಿಸಿದಾಗ 12 ಮತ್ತು 61ನೆಯ ಕಲಮುಗಳನ್ನು ಕೈಬಿಟ್ಟಿದ್ದರು. ರಾಜನೂ ಕಾನೂನಿಗೆ ಒಳಪಟ್ಟವನು ಎಂಬ ತತ್ವ ಉಳಿಯಿತು, ಅದನ್ನು ಪಾಲಿಸುವಂತೆ ಮಾಡುವ ಸಾಧನ ಉಳಿಯಲಿಲ್ಲ.

ಇನ್ನು ಆ ಕಾಲದ ರಾಜನಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮಕ್ಕಳಿಗೆ ಹೇಳದಿದ್ದರೆ ಮುಂದಿನದೇನೂ ಅರ್ಥವಾಗದು. ಸ್ವಂತ ಜಮೀನಿನ ಗೇಣಿ, ಊಳಿಗಮಾನ್ಯ ಹಕ್ಕಿನ ಬಾಬ್ತುಗಳು, ನ್ಯಾಯಾಲಯದ ದಂಡ, ಬಂದರುಗಳ ಸುಂಕ, ಇವು ಅವನ ಕಾಯಂ ಆದಾಯ. ರಾಜ ಶಾಂತಿಕಾಲದಲ್ಲಿ ಇದರಲ್ಲೇ ಬದುಕಬೇಕು, ಯುದ್ಧ ಬಂದರೆ ಮಾತ್ರ ಪಾರ್ಲಿಮೆಂಟು ಕರೆದು ಹೆಚ್ಚಿನ ತೆರಿಗೆ ಕೇಳಬೇಕು ಎಂಬುದು ರೂಢಿ. ಹಾಗಾಗಿ ಯುದ್ಧವಿಲ್ಲದ ರಾಜನಿಗೆ ಪಾರ್ಲಿಮೆಂಟಿನ ಗರಜೇ ಇರಲಿಲ್ಲ. ಅದನ್ನು ಕರೆಯುವುದು, ಮುಂದೂಡುವುದು, ವಿಸರ್ಜಿಸುವುದು ಮೂರೂ ಅವನ ಇಷ್ಟ. 16ನೆಯ ಶತಮಾನದಲ್ಲಿ ಬೆಲೆಗಳು ಏರಿದವು, ಹಳೆಯ ದರದ ಗೇಣಿ ಹಾಗೇ ಉಳಿಯಿತು, ರಾಜರು ಜಮೀನು ಮಾರತೊಡಗಿದರು. ಮುಂದಿನ ಶತಮಾನದ ಜಗಳದ ಬೇರು ಇಲ್ಲಿದೆ.

1625ರಲ್ಲಿ ಒಂದನೇ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಬಂದರು ಸುಂಕವನ್ನು ಜೀವಮಾನಕ್ಕೆ ಕೊಡದೆ ಒಂದು ವರ್ಷಕ್ಕೆ ಮಾತ್ರ ಕೊಡಲು ಹೊರಟಿತು. ಮಸೂದೆ ಕಾನೂನಾಗಲೇ ಇಲ್ಲ, ಚಾರ್ಲ್ಸ್ ಸುಂಕ ವಸೂಲು ಮಾಡುವುದನ್ನು ಬಿಡಲೂ ಇಲ್ಲ. ಅದು ಸಾಲದೆ ಬಲವಂತದ ಸಾಲ ಎತ್ತಿ, ಕೊಡದವರನ್ನು ಕಾರಣ ತಿಳಿಸದೆ ಸೆರೆಗೆ ಹಾಕಿಸಿದ. ಇದಕ್ಕೆ ಉತ್ತರವಾಗಿ 1628ರ ಹಕ್ಕುಗಳ ಮನವಿ ಬಂತು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆಯಿಲ್ಲ, ಕಾರಣ ಹೇಳದೆ ಸೆರೆಯಿಲ್ಲ, ಜನರ ಮನೆಗಳಲ್ಲಿ ಸೈನಿಕರನ್ನು ಇಳಿಸುವಂತಿಲ್ಲ, ಶಾಂತಿಕಾಲದಲ್ಲಿ ಸೈನಿಕ ಕಾನೂನು ಹೇರುವಂತಿಲ್ಲ. ಹಣ ಬೇಕಿದ್ದರಿಂದ ಚಾರ್ಲ್ಸ್ ಒಪ್ಪಿದ. ಮರುವರ್ಷ ಮಾರ್ಚ್‌ನಲ್ಲಿ ಸಭೆಯನ್ನು ಮುಂದೂಡಲು ಆಜ್ಞೆ ಬಂದಾಗ ಸದಸ್ಯರು ಸ್ಪೀಕರನ್ನು ಕುರ್ಚಿಯಲ್ಲೇ ಹಿಡಿದು ಕೂರಿಸಿ ತಮ್ಮ ನಿರ್ಣಯಗಳನ್ನು ಓದಿದರು. ಚಾರ್ಲ್ಸ್ ಪಾರ್ಲಿಮೆಂಟನ್ನು ವಿಸರ್ಜಿಸಿದ, ಮತ್ತೆ 11 ವರ್ಷ ಕರೆಯಲಿಲ್ಲ. ಹಕ್ಕುಗಳ ಮನವಿ ಜಾರಿಯಲ್ಲೇ ಇತ್ತು, ಗಮನಿಸಿ. ಅದನ್ನು ಮುರಿದರೆ ಕೇಳುವ ಸಭೆಯೇ ಇರಲಿಲ್ಲ.

ಈ 11 ವರ್ಷದಲ್ಲಿ ಅವನು ರಾಜ್ಯ ನಡೆಸಿದ ಬಗೆಯನ್ನು ತರಗತಿಯಲ್ಲಿ ನಿಧಾನವಾಗಿ ಹೇಳಬೇಕು. ನಿರಂಕುಶ ಪ್ರಭುತ್ವ ಅಂದರೆ ಮನಬಂದಂತೆ ತಲೆ ಕಡಿಸುವುದು ಎಂದು ಮಕ್ಕಳು ತಿಳಿದಿರುತ್ತಾರೆ. ಚಾರ್ಲ್ಸ್ ಹಾಗೆ ಮಾಡಲಿಲ್ಲ. ಹಳೆಯ ಕಾನೂನುಗಳನ್ನು ಕೆದಕಿ ಹಣ ಹುಟ್ಟಿಸಿದ. ವರ್ಷಕ್ಕೆ 40 ಪೌಂಡ್ ಆದಾಯದ ಜಮೀನಿದ್ದೂ ನೈಟ್ ಪದವಿ ಪಡೆಯದವರಿಗೆ ದಂಡ ಹಾಕಿದ. ನೂರಾರು ವರ್ಷ ಹಿಂದಿನ ರಾಜಾರಣ್ಯದ ಗಡಿ ತೆಗೆದು ಈಗ ಅಲ್ಲಿ ಕೃಷಿ ಮಾಡುತ್ತಿದ್ದವರಿಗೂ ದಂಡ ಹಾಕಿದ. ಸಾಬೂನಿನಂಥ ಸರಕಿನ ಏಕಸ್ವಾಮ್ಯವನ್ನು ಹಣಕ್ಕೆ ಕೊಟ್ಟ. ಎಲ್ಲಕ್ಕಿಂತ ದೊಡ್ಡದು ಹಡಗು ಹಣ.

ಹಡಗು ಹಣ ಹೊಸದಾಗಿ ಕಟ್ಟಿದ ತೆರಿಗೆಯಲ್ಲ. ಶತ್ರುಭಯವಿದ್ದಾಗ ಬಂದರು ಊರುಗಳು ರಾಜನಿಗೆ ಹಡಗು ಒದಗಿಸಬೇಕು, ಇಲ್ಲವೇ ಅದರ ಬಾಬ್ತು ಹಣ ಕೊಡಬೇಕು ಎಂಬ ಹಳೆಯ ವಾಡಿಕೆ. 1634ರಲ್ಲಿ ಚಾರ್ಲ್ಸ್ ಕರಾವಳಿಗೆ ಆಜ್ಞೆ ಕಳಿಸಿದ, ಗೊಣಗಾಟದೊಂದಿಗೆ ಹಣ ಬಂತು. 1635ರಲ್ಲಿ ಅದನ್ನೇ ಒಳನಾಡಿಗೂ ವಿಸ್ತರಿಸಿದ. ಸಮುದ್ರ ಕಾಯಲು ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರುಗಳಿಂದ ಹಣ ಎತ್ತುತ್ತಿದ್ದವರು ಒಂದು ದಿನ ಘಟ್ಟದ ಮೇಲಿನ ಊರುಗಳಿಗೂ ನೋಟಿಸು ಕಳಿಸಿದರೆ ಹೇಗೆ, ಹಾಗೆ. ಸಮುದ್ರದ ಗಂಧವೇ ಇಲ್ಲದ ಬಕಿಂಗ್‌ಹ್ಯಾಮ್‌ಶೈರಿಗೆ ಬಂದ ಆಜ್ಞೆ ಹೀಗಿತ್ತು: 450 ಟನ್ನಿನ ಒಂದು ಹಡಗು, 180 ಜನ ಸಿಬ್ಬಂದಿ, ಅಥವಾ 4,500 ಪೌಂಡ್ ನಗದು. ಆ ಜಿಲ್ಲೆ ಹಡಗು ಕಟ್ಟುವುದು ಸಾಧ್ಯವಿಲ್ಲ ಎಂದು ಆಜ್ಞೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು, ಬೇಕಿದ್ದದ್ದು ನಗದು. ಜಿಲ್ಲೆಯ ಶೆರೀಫ್ ಆ ಮೊತ್ತವನ್ನು ಹೋಬಳಿಗಳಿಗೆ, ಅಲ್ಲಿಂದ ಗ್ರಾಮಗಳಿಗೆ, ಗ್ರಾಮದಲ್ಲಿ ಮನೆ ಮನೆಗೆ ಪಾಲು ಹಾಕಬೇಕು. ವಸೂಲಿ ಕಡಿಮೆಯಾದರೆ ಶೆರೀಫನೇ ಹೊಣೆ. ಕೊಡದವರ ಸೊತ್ತು ಜಪ್ತಿ.

ಜಾನ್ ಹ್ಯಾಂಪ್ಡನ್ ಎಂಬ ಜಮೀನ್ದಾರ ತನ್ನ ಪಾಲಿನ 20 ಶಿಲ್ಲಿಂಗ್ ಕೊಡಲಿಲ್ಲ. ಅವನ ಮಟ್ಟಿಗೆ ಅದು ಏನೇನೂ ಅಲ್ಲದ ಮೊತ್ತ. ಆದರೂ ಕೋರ್ಟಿಗೆ ಹೋದ. 12 ನ್ಯಾಯಾಧೀಶರು ಕೂತು ಕೇಳಿದರು. ರಾಜ್ಯಕ್ಕೆ ಅಪಾಯವಿದೆಯೇ ಇಲ್ಲವೇ ಎಂದು ತೀರ್ಮಾನಿಸುವವನು ರಾಜನೇ, ಅಪಾಯವಿದೆ ಎಂದು ಅವನು ಹೇಳಿದ ಮೇಲೆ ಪಾರ್ಲಿಮೆಂಟಿಗೆ ಕಾಯಬೇಕಿಲ್ಲ ಎಂಬುದು ಸರಕಾರದ ವಾದ. 1638ರಲ್ಲಿ ತೀರ್ಪು 7–5ರಲ್ಲಿ ರಾಜನ ಪರ ಬಂತು. ಆಗ ನ್ಯಾಯಾಧೀಶರು ರಾಜನ ಮರ್ಜಿ ಇರುವವರೆಗೆ ಮಾತ್ರ ಹುದ್ದೆಯಲ್ಲಿರುವವರು. ಬಲವಂತದ ಸಾಲ ಕಾನೂನುಬದ್ಧ ಎನ್ನಲು ಒಪ್ಪದ ಮುಖ್ಯ ನ್ಯಾಯಾಧೀಶರೊಬ್ಬರನ್ನು ಇದೇ ಚಾರ್ಲ್ಸ್ 1626ರಲ್ಲಿ ವಜಾ ಮಾಡಿದ್ದ. ಅಂಥ ಪೀಠದಲ್ಲೂ ಐದು ಮಂದಿ ಎದುರು ನಿಂತರು ಎಂಬುದು ಊರೂರಿಗೆ ತಲುಪಿತು. ಗೆದ್ದ ರಾಜನಿಗೆ ವಸೂಲಿ ಕುಸಿಯಿತು. ವರ್ಷಕ್ಕೆ ಸುಮಾರು 2 ಲಕ್ಷ ಪೌಂಡ್ ತರುತ್ತಿದ್ದ ತೆರಿಗೆ 1639–40ರ ಹೊತ್ತಿಗೆ ಬೇಡಿಕೆಯ ಸಣ್ಣ ಪಾಲಿಗೆ ಇಳಿಯಿತು. ಜಪ್ತಿ ಮಾಡಿದ ದನಗಳನ್ನು ಕೊಳ್ಳಲು ಯಾರೂ ಮುಂದೆ ಬರದ ಊರುಗಳಿದ್ದವು.

ಅಷ್ಟಾದರೂ ಚಾರ್ಲ್ಸ್ ಹೀಗೇ ಮುಂದುವರಿಯಬಹುದಿತ್ತು, ಯುದ್ಧ ಬಾರದಿದ್ದರೆ. 1637ರಲ್ಲಿ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಿದ್ದೇ ಅವನ ಎಡವಟ್ಟು. ದಂಗೆಯೆದ್ದ ಸ್ಕಾಟರು 1640ರಲ್ಲಿ ಗಡಿ ದಾಟಿ ನ್ಯೂಕ್ಯಾಸಲ್ ಹಿಡಿದರು. ಒಪ್ಪಂದದ ಪ್ರಕಾರ ಅವರ ಸೈನ್ಯದ ಖರ್ಚಿಗೆ ದಿನಕ್ಕೆ 850 ಪೌಂಡ್ ರಾಜನೇ ಕೊಡಬೇಕಾಯಿತು. ಆ ಹಣ ಪಾರ್ಲಿಮೆಂಟಿನಿಂದಲ್ಲದೆ ಬೇರೆಲ್ಲಿಂದಲೂ ಹುಟ್ಟುವಂತಿರಲಿಲ್ಲ. 1640ರ ನವೆಂಬರ್ 3ರಂದು ಸೇರಿದ ಪಾರ್ಲಿಮೆಂಟು ಮರುವರ್ಷದೊಳಗೆ ಹಡಗು ಹಣ ಮತ್ತು ಸ್ಟಾರ್ ಚೇಂಬರ್ ನ್ಯಾಯಾಲಯ ಎರಡನ್ನೂ ರದ್ದು ಮಾಡಿತು, ಮೂರು ವರ್ಷಕ್ಕೊಮ್ಮೆ ಪಾರ್ಲಿಮೆಂಟು ಸೇರಲೇಬೇಕೆಂಬ ಕಾನೂನು ತಂದಿತು, ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ವಿಸರ್ಜಿಸದಂತೆಯೂ ಮಾಡಿಕೊಂಡಿತು.

1642ರಿಂದ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ, 1649ರ ಜನವರಿ 30ರಂದು ಚಾರ್ಲ್ಸ್‌ನ ಶಿರಚ್ಛೇದ, ಆಮೇಲೆ 11 ವರ್ಷ ರಾಜನಿಲ್ಲದ ಆಡಳಿತ. ಈ ಭಾಗ ಪಠ್ಯದಲ್ಲಿ ಬೇಕಾದಷ್ಟಿದೆ. ನಾನು ಸೇರಿಸುವುದು ಒಂದೇ ಮಾತು: ರಾಜನನ್ನು ತೆಗೆದ ಮಾತ್ರಕ್ಕೆ ಮಿತಿಯಿಲ್ಲದ ಅಧಿಕಾರ ಹೋಗಲಿಲ್ಲ. 1643ರಲ್ಲಿ ದಿನಬಳಕೆಯ ಸರಕಿನ ಮೇಲೆ ಅಬಕಾರಿ ಸುಂಕ ಹಾಕಿದ್ದು ಪಾರ್ಲಿಮೆಂಟೇ. ಪಾರ್ಲಿಮೆಂಟಿನ ಸೇನಾನಿಯಾಗಿದ್ದು ಆಮೇಲೆ ದೇಶವನ್ನು ಆಳಿದ ಕ್ರಾಮ್ವೆಲ್ ಕೂಡ ಪಾರ್ಲಿಮೆಂಟುಗಳನ್ನು ಮನೆಗೆ ಕಳಿಸಿದ, 1655ರಲ್ಲಿ ದೇಶವನ್ನು ವಿಭಾಗಗಳಾಗಿ ಒಡೆದು ಸೇನಾಪತಿಗಳ ಕೈಗೆ ಕೊಟ್ಟ. ಸೈನ್ಯದ ಮೇಲೆ ಹತೋಟಿ ಇದ್ದವನಿಗೆ ಕಿರೀಟ ಬೇಕಾಗಿರಲಿಲ್ಲ.

1660ರಲ್ಲಿ ಎರಡನೇ ಚಾರ್ಲ್ಸ್ ಮರಳಿ ಬಂದಾಗ ಪಾರ್ಲಿಮೆಂಟು ಹಳೆಯ ದಾರಿಯನ್ನೇ ಹಿಡಿಯಿತು. ವರ್ಷಕ್ಕೆ 12 ಲಕ್ಷ ಪೌಂಡ್ ಬರಬಹುದೆಂದು ಅಂದಾಜು ಮಾಡಿ ಸುಂಕಗಳನ್ನು ಜೀವಮಾನಕ್ಕೆ ಕೊಟ್ಟಿತು. ಮೊದಮೊದಲು ಅಷ್ಟು ಬರಲಿಲ್ಲ, ರಾಜ ಪಾರ್ಲಿಮೆಂಟಿನ ಮುಂದೆ ಕೈಚಾಚುತ್ತಲೇ ಇದ್ದ. 1670ರ ದಶಕದಿಂದ ವ್ಯಾಪಾರ ಬೆಳೆದು ಬಂದರು ಸುಂಕ ಏರಿತು. ದರ ಅದೇ, ಹಡಗುಗಳು ಹೆಚ್ಚು. 1681ರಿಂದ ಸಾಯುವವರೆಗೆ ಚಾರ್ಲ್ಸ್ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ಮೂರು ವರ್ಷಕ್ಕೊಮ್ಮೆ ಕರೆಯಬೇಕೆಂಬ ಕಾನೂನು ಆಗಲೂ ಇತ್ತು, ಆದರೆ 1664ರಲ್ಲಿ ತಿದ್ದುವಾಗ, ರಾಜ ಕರೆಯದಿದ್ದರೆ ತಾನಾಗಿ ಚುನಾವಣೆ ನಡೆಯುವ ಏರ್ಪಾಡನ್ನು ಕಿತ್ತುಹಾಕಿದ್ದರು. ಹಲ್ಲು ಕಿತ್ತ ಕಾನೂನಿಗೆ ರಾಜ ಯಾಕೆ ಹೆದರಬೇಕು?

1685ರಲ್ಲಿ ಅವನ ತಮ್ಮ ಎರಡನೇ ಜೇಮ್ಸ್‌ಗೂ ಜೀವಮಾನದ ಸುಂಕ ಸಿಕ್ಕಿತು, ಅಣ್ಣನಿಗಿಂತ ಹೆಚ್ಚೇ ಸಿಕ್ಕಿತು. ವರ್ಷಕ್ಕೆ ಸುಮಾರು 20 ಲಕ್ಷ ಪೌಂಡ್. ಆ ಬಲದ ಮೇಲೆ ಅವನು ಶಾಂತಿಕಾಲದಲ್ಲೇ ದೊಡ್ಡ ಸೈನ್ಯ ಇಟ್ಟ. ಸ್ವತಃ ಕ್ಯಾಥೊಲಿಕನಾದ ಅವನು, ಕ್ಯಾಥೊಲಿಕರಿಗೆ ಅಧಿಕಾರದ ಹುದ್ದೆ ಕೊಡಬಾರದೆಂಬ ಕಾನೂನನ್ನು ಬದಿಗಿಡಲು ತನಗೆ ಅಧಿಕಾರವಿದೆ ಎಂದ. ಒಪ್ಪದ ನ್ಯಾಯಾಧೀಶರನ್ನು ಮೊದಲೇ ತೆಗೆದುಹಾಕಿ, 1686ರಲ್ಲಿ 12ರಲ್ಲಿ 11 ಮಂದಿಯಿಂದ ಹೌದು ಎನಿಸಿಕೊಂಡ. ಧರ್ಮದ ವಿಷಯದಲ್ಲಿ ಅವನ ವಿರೋಧಿಗಳೇ ಹೆಚ್ಚು ಅಸಹಿಷ್ಣುಗಳಾಗಿದ್ದರು ಎಂಬುದನ್ನು ತರಗತಿಯಲ್ಲಿ ಮುಚ್ಚಿಡಬೇಡಿ. ಆದರೆ ಒಂದು ಕಾನೂನನ್ನು ರಾಜ ತನ್ನಿಷ್ಟಕ್ಕೆ ಬದಿಗಿಡಬಹುದಾದರೆ ಎಲ್ಲ ಕಾನೂನನ್ನೂ ಇಡಬಹುದು ಎಂಬ ಭಯ ಸುಳ್ಳಾಗಿರಲಿಲ್ಲ. 1688ರ ಜೂನ್ 30ರಂದು ಏಳು ಮಂದಿ ಪ್ರಮುಖರು ಜೇಮ್ಸ್‌ನ ಅಳಿಯ, ಹಾಲೆಂಡಿನ ವಿಲಿಯಂಗೆ ಪತ್ರ ಬರೆದರು. ನವೆಂಬರ್ 5ರಂದು ಅವನು ಸೈನ್ಯದೊಂದಿಗೆ ಟಾರ್ಬೇಯಲ್ಲಿ ಇಳಿದ, ಡಿಸೆಂಬರಿನಲ್ಲಿ ಜೇಮ್ಸ್ ಫ್ರಾನ್ಸಿಗೆ ಓಡಿದ. ಇದನ್ನು "ರಕ್ತರಹಿತ ಕ್ರಾಂತಿ" ಎನ್ನುವುದು ಇಂಗ್ಲೆಂಡಿನ ಮಟ್ಟಿಗೆ ಹೆಚ್ಚುಕಡಿಮೆ ಸರಿ. 1690ರ ಬಾಯ್ನ್ ಕದನ ಸೇರಿದಂತೆ ಐರ್ಲೆಂಡಿನಲ್ಲಿ ಧಾರಾಳ ರಕ್ತ ಹರಿಯಿತು.

ಈಗ 1689ಕ್ಕೆ ಬಂದೆವು. ಫೆಬ್ರವರಿ 13ರಂದು ವಿಲಿಯಂ ಮತ್ತು ಅವನ ಹೆಂಡತಿ ಮೇರಿಯ ಮುಂದೆ ಹಕ್ಕುಗಳ ಘೋಷಣೆಯನ್ನು ಓದಿ ಕಿರೀಟ ಒಪ್ಪಿಸಿದರು. ಡಿಸೆಂಬರಿನಲ್ಲಿ ಅದೇ ಹಕ್ಕುಗಳ ಮಸೂದೆ ಎಂಬ ಕಾನೂನಾಯಿತು. ರಾಜ ಕಾನೂನನ್ನು ಅಮಾನತಿನಲ್ಲಿಡುವಂತಿಲ್ಲ, ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುವಂತಿಲ್ಲ, ಶಾಂತಿಕಾಲದಲ್ಲಿ ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಸೈನ್ಯ ಇಡುವಂತಿಲ್ಲ, ಸದನದ ಮಾತಿಗೆ ಹೊರಗೆ ಮೊಕದ್ದಮೆಯಿಲ್ಲ. ಪಾರ್ಲಿಮೆಂಟು ಪದೇಪದೇ ಸೇರಬೇಕು ಎಂದೂ ಅದರಲ್ಲಿದೆ. ಎಷ್ಟು ಸಲ, ಎಷ್ಟು ದಿನಕ್ಕೆ, ಕರೆಯದಿದ್ದರೆ ಏನು ಎಂಬುದು ಇಲ್ಲ. ನಿಮ್ಮ ವಿದ್ಯಾರ್ಥಿನಿ ಬೆರಳಿಡಬೇಕಾದ ಜಾಗ ಇದೇ. ಒಕ್ಕಣೆ ಮಾತ್ರ ನೋಡಿದರೆ 1628ರ ಮನವಿಗೂ ಇದಕ್ಕೂ ಅಂಥ ದೊಡ್ಡ ಅಂತರವಿಲ್ಲ.

ಈ ಸಲ ಒಕ್ಕಣೆಯ ಹಿಂದೆ ಎರಡು ಗಟ್ಟಿ ಏರ್ಪಾಡುಗಳು ಬಂದವು. ಒಂದು ಸೈನ್ಯದ್ದು. 1689ರ ಮಾರ್ಚ್‌ನಲ್ಲಿ ಇಪ್ಸ್‌ವಿಚ್‌ನಲ್ಲಿ ಒಂದು ರೆಜಿಮೆಂಟು ಹೊಸ ರಾಜನ ವಿರುದ್ಧ ದಂಗೆಯೆದ್ದಿತು. ಶಾಂತಿಕಾಲದಲ್ಲಿ ಸೈನಿಕನನ್ನು ಸೇನಾ ನ್ಯಾಯಾಲಯದಲ್ಲಿ ವಿಚಾರಿಸಿ ಮರಣದಂಡನೆ ಕೊಡಲು ಕಾನೂನಿನ ಬಲವಿರಲಿಲ್ಲ. ಅವನೂ ಉಳಿದವರಂತೆ ಸಾಮಾನ್ಯ ಕೋರ್ಟಿಗೇ ಹೋಗಬೇಕು. ಪಾರ್ಲಿಮೆಂಟು ಆ ಅಧಿಕಾರವನ್ನು ಕೊಡುವ ದಂಗೆ ಕಾಯ್ದೆ ಮಾಡಿತು, ಆದರೆ ಅದೇ ನವೆಂಬರಿನವರೆಗೆ ಮಾತ್ರ. ಅವಧಿ ಮುಗಿದಾಗ ನವೀಕರಿಸಬೇಕು. ನವೀಕರಿಸದಿದ್ದರೆ ದಂಗೆಯೆದ್ದವನನ್ನೂ ಓಡಿಹೋದವನನ್ನೂ ಸೇನಾಪತಿ ಏನೂ ಮಾಡಲಾರ. ಈ ಸರಪಳಿ ಯಾವಾಗಲೂ ಬಿಗಿಯಾಗಿ ಇತ್ತೆಂದಲ್ಲ, 1698ರಿಂದ 1701ರವರೆಗೆ ಆ ಕಾಯ್ದೆಯೇ ಜಾರಿಯಲ್ಲಿರಲಿಲ್ಲ. ಆದರೆ ವರ್ಷ ವರ್ಷವೂ ನವೀಕರಿಸುವ ಪದ್ಧತಿ ಮುಂದೆ ಬೇರೂರಿ 20ನೆಯ ಶತಮಾನದ ನಡುವಿನವರೆಗೂ ನಡೆಯಿತು.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಣದ್ದು. ಇಬ್ಬರು ರಾಜರಿಗೆ ಜೀವಮಾನದ ಸುಂಕ ಕೊಟ್ಟು ಪೆಟ್ಟು ತಿಂದಿದ್ದ ಕಾಮನ್ಸ್ ಸಭೆ 1690ರಲ್ಲಿ ವಿಲಿಯಂಗೆ ಅಬಕಾರಿಯನ್ನು ಜೀವಮಾನಕ್ಕೆ ಕೊಟ್ಟಿತು, ಬಂದರು ಸುಂಕವನ್ನು ನಾಲ್ಕೇ ವರ್ಷಕ್ಕೆ ಕೊಟ್ಟಿತು. ತನ್ನನ್ನು ನಂಬುವುದಿಲ್ಲವೇ ಎಂದು ವಿಲಿಯಂಗೆ ಸಿಟ್ಟು ಬಂತು. ಅವನು ಕೆಟ್ಟವನೆಂದು ಯಾರೂ ಹೇಳಿರಲಿಲ್ಲ. ಒಳ್ಳೆಯ ರಾಜನ ಮೇಲೂ ಕಣ್ಣಿಡುವಂಥ ವ್ಯವಸ್ಥೆ ಬೇಕು ಎಂಬ ಬುದ್ಧಿ ಅವರಿಗೆ ಬಂದಿತ್ತು. ಅದೇ ಹೊತ್ತಿಗೆ ಫ್ರಾನ್ಸಿನೊಂದಿಗೆ ಒಂಬತ್ತು ವರ್ಷದ ಯುದ್ಧ. ಸರಕಾರದ ಖರ್ಚು ವರ್ಷಕ್ಕೆ 50 ಲಕ್ಷ ಪೌಂಡ್ ದಾಟಿತು. ಜೇಮ್ಸ್‌ನ ಕಾಲದ ಆದಾಯ ಇದರ ಅರ್ಧಕ್ಕೂ ಸಾಲದು. ಜಮೀನಿನ ಆದಾಯದಲ್ಲಿ ಪೌಂಡಿಗೆ 4 ಶಿಲ್ಲಿಂಗ್, ಅಂದರೆ ಐದನೆಯ ಒಂದು ಪಾಲು, ತೆರಿಗೆಯಾಗಿ ಹೋಗತೊಡಗಿತು. ಅದನ್ನು ಮಂಜೂರು ಮಾಡಬೇಕಾದ ಜಮೀನ್ದಾರರೇ ಕಾಮನ್ಸ್‌ನಲ್ಲಿ ಕೂತಿದ್ದರು. ಕೊಡುವವರು ನಾವಾದರೆ ಲೆಕ್ಕ ಕೇಳುವವರೂ ನಾವೇ ಎಂದು ಖರ್ಚು ಪರಿಶೀಲಿಸುವ ಆಯೋಗ ಮಾಡಿದರು. ಯಾವ ಹಣ ಯಾವುದಕ್ಕೆ ಎಂದು ಕಾನೂನಿನಲ್ಲೇ ಬರೆಯತೊಡಗಿದರು. ನೌಕಾಪಡೆಗೆಂದು ಕೊಟ್ಟದ್ದು ಅರಮನೆಗೆ ಹೋಗುವಂತಿಲ್ಲ.

ಇದು ಕೆಲಸ ಮಾಡಿದ ಬಗೆಗೆ ಒಂದು ಉದಾಹರಣೆ ಸಾಕು. ಮೂರು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎಂಬ ಮಸೂದೆಗೆ 1693ರಲ್ಲಿ ವಿಲಿಯಂ ಅಂಕಿತ ಹಾಕಲಿಲ್ಲ. ಆ ಅಧಿಕಾರ ಅವನಿಗೆ ಪೂರ್ತಿಯಾಗಿ ಇತ್ತು. 1694ರ ಕೊನೆಗೆ ಅಂಥದೇ ಮಸೂದೆ ಮತ್ತೆ ಬಂತು. ಅಷ್ಟರಲ್ಲಿ ನಾಲ್ಕು ವರ್ಷದ ಬಂದರು ಸುಂಕದ ಅವಧಿ ಮುಗಿಯುತ್ತಿತ್ತು, ಯುದ್ಧ ಮುಗಿದಿರಲಿಲ್ಲ. ಅಂಕಿತ ಬಿತ್ತು.

ಸಾಲದ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 1672ರಲ್ಲಿ ಎರಡನೇ ಚಾರ್ಲ್ಸ್ ಸಾಲ ಕೊಟ್ಟವರಿಗೆ ಹಣ ಮರಳಿಸುವುದನ್ನು ಏಕಾಏಕಿ ನಿಲ್ಲಿಸಿದಾಗ ಲಂಡನ್ನಿನ ಹಲವು ಸಾಹುಕಾರರು ದಿವಾಳಿಯಾದರು. ರಾಜನ ಮಾತು ನಂಬಿ ಸಾಲ ಕೊಟ್ಟರೆ ಆಗುವುದು ಇದು. 1694ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡ್ ಸರಕಾರಕ್ಕೆ ಶೇ. 8ರ ಬಡ್ಡಿಯಲ್ಲಿ 12 ಲಕ್ಷ ಪೌಂಡ್ ಸಾಲ ಕೊಟ್ಟಿತು. ಬಡ್ಡಿಗೆಂದು ಒಂದಿಷ್ಟು ಸುಂಕವನ್ನು ಪಾರ್ಲಿಮೆಂಟಿನ ಕಾನೂನೇ ಮೀಸಲಿಟ್ಟಿತ್ತು. ಈಗ ಸಾಲಕ್ಕೆ ಜಾಮೀನು ನಿಂತದ್ದು ಪಾರ್ಲಿಮೆಂಟು. ಮುಂದೆ ಯಾವ ರಾಜನಾದರೂ ಪಾರ್ಲಿಮೆಂಟನ್ನು ಮುಚ್ಚಿದರೆ ಸಾಲದ ನಂಬಿಕೆಯೇ ಕುಸಿದು ಯುದ್ಧ ನಿಲ್ಲುತ್ತದೆ. 1689ರಿಂದ ಪಾರ್ಲಿಮೆಂಟು ಸೇರದ ಒಂದು ವರ್ಷವೂ ಇಲ್ಲ. ಹಾಗೆ ಸೇರಬೇಕೆಂದು ಹಕ್ಕುಗಳ ಮಸೂದೆ ಎಲ್ಲೂ ಹೇಳಿಲ್ಲ, ಅಗತ್ಯ ಹಾಗೆ ಮಾಡಿಸಿತು.

ನ್ಯಾಯಾಧೀಶರ ವಿಷಯ ಬಾಕಿಯಿತ್ತು. 1701ರ ಉತ್ತರಾಧಿಕಾರ ಕಾಯ್ದೆ ಅದನ್ನು ಸರಿಪಡಿಸಿತು: ಸನ್ನಡತೆ ಇರುವವರೆಗೆ ಅವರು ಹುದ್ದೆಯಲ್ಲಿರುತ್ತಾರೆ, ತೆಗೆಯಬೇಕಾದರೆ ಎರಡೂ ಸದನ ಕೇಳಬೇಕು. ಈ ಕಲಮು ಜಾರಿಗೆ ಬಂದದ್ದು 1714ರಲ್ಲಿ ಹ್ಯಾನೋವರ್ ವಂಶ ಪಟ್ಟಕ್ಕೆ ಬಂದ ಮೇಲೆ. ಹ್ಯಾಂಪ್ಡನ್‌ನ 7–5ರ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ಹೇಳಿದರೆ ಮಕ್ಕಳಿಗೆ ಇದರ ಬೆಲೆ ತಟ್ಟುತ್ತದೆ.

ಆದರೆ 1701ಕ್ಕೆ ರಾಜ ಗೊಂಬೆಯಾದ ಎಂದು ಬರೆಸಬೇಡಿ. ಮಂತ್ರಿಗಳನ್ನು ಆರಿಸುವುದು, ಯುದ್ಧ ಸಾರುವುದು, ಅಂಕಿತ ನಿರಾಕರಿಸುವುದು ಅವನ ಕೈಯಲ್ಲೇ ಇದ್ದವು. ಇವು ಒಂದೊಂದಾಗಿ, ಯಾವ ಕಾನೂನೂ ಇಲ್ಲದೆ, ಬಳಕೆ ತಪ್ಪಿ ಹೋದವು. ಕೊನೆಯ ಸಲ ಅಂಕಿತ ನಿರಾಕರಿಸಿದ್ದು ರಾಣಿ ಆ್ಯನ್, 1708ರ ಮಾರ್ಚ್‌ನಲ್ಲಿ, ಸ್ಕಾಟ್ಲೆಂಡಿನ ನಾಡಪಡೆಯ ಮಸೂದೆಗೆ. 1721ರಿಂದ ಮಂತ್ರಿಮಂಡಲದ ಮುಖ್ಯಸ್ಥನಾಗಿದ್ದ ವಾಲ್ಪೋಲ್ 1742ರಲ್ಲಿ ಇಳಿದದ್ದು ಕಾಮನ್ಸ್‌ನಲ್ಲಿ ಬಹುಮತ ಕೈತಪ್ಪಿದ್ದಕ್ಕೆ. 1834ರಲ್ಲಿ ನಾಲ್ಕನೇ ವಿಲಿಯಂ ತನಗೆ ಬೇಡವಾದ ಮಂತ್ರಿಮಂಡಲವನ್ನು ಕಳಿಸಿ ಪ್ರಧಾನಿಯಾಗಿ ಪೀಲ್‌ನನ್ನು ತಂದ. ಪೀಲ್‌ಗೆ ಚುನಾವಣೆಯಲ್ಲೂ ಬಹುಮತ ಸಿಗದೆ 1835ರಲ್ಲಿ ಹಳೆಯವರೇ ಮರಳಿದರು. ಮತ್ತೆ ಯಾವ ರಾಜನೂ ಆ ಸಾಹಸಕ್ಕೆ ಕೈಹಾಕಲಿಲ್ಲ. ಇಷ್ಟರಲ್ಲಿ ಎಲ್ಲೂ ಸಾಮಾನ್ಯ ಜನರ ಮತದ ಮಾತಿಲ್ಲ, ಹೆಂಗಸರ ಮಾತು ಮೊದಲೇ ಇಲ್ಲ. ನಿಯಂತ್ರಿತ ರಾಜಪ್ರಭುತ್ವ ಬೇರೆ, ಪ್ರಜಾಪ್ರಭುತ್ವ ಬೇರೆ. ಪರೀಕ್ಷೆಯ ಉತ್ತರಗಳಲ್ಲಿ ಇವೆರಡು ಒಂದಾಗಿಬಿಡುವುದೇ ಹೆಚ್ಚು.

ಹತ್ತಿರದ ಉದಾಹರಣೆ ಬೇಕೆಂದರೆ ಮೈಸೂರು ಸಂಸ್ಥಾನ ಉಂಟು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು, ಆ ಕಾಲದ ದೇಶೀಯ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆಯೇ ಸರಿ. ಆದರೆ ಸಭೆ ಅಹವಾಲು ಹೇಳಬಹುದಿತ್ತು, ಬಜೆಟ್ಟನ್ನು ತಡೆಯುವಂತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, 1923ರಲ್ಲಿ ಎರಡಕ್ಕೂ ಹೆಚ್ಚಿನ ಅಧಿಕಾರ ಸಿಕ್ಕಿತು, ಆದರೂ ದಿವಾನರು ಸಭೆಗೆ ಉತ್ತರದಾಯಿಯಾಗಿರಲಿಲ್ಲ. ಜವಾಬ್ದಾರಿ ಸರಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ, ಚಳವಳಿಯ ಒತ್ತಡದಿಂದ. ನಮ್ಮ ಕೆನರಾ ಜಿಲ್ಲೆಯದು ಬೇರೆಯೇ ದಾರಿ: 1830–31ರಲ್ಲಿ ರೈತರು ಕೂಟ ಸೇರಿ ಕಂಪನಿ ಸರಕಾರಕ್ಕೆ ಕಂದಾಯ ಕಟ್ಟುವುದಿಲ್ಲ ಎಂದು ನಿಂತರು. ಕಂದಾಯ ನಿಲ್ಲಿಸಿದರೆ ಸರಕಾರ ಕೇಳುತ್ತದೆ ಎಂದು ಅವರಿಗೂ ತಿಳಿದಿತ್ತು. ಇಲ್ಲದಿದ್ದದ್ದು ಪ್ರತಿವರ್ಷ ಸೇರುವ ಹಕ್ಕಿನ ಸಭೆ; ಕೂಟ ಚದುರಿದ ಮೇಲೆ ಮುಂದಿನ ವರ್ಷದ ಕಂದಾಯವನ್ನು ಯಾರು ತಡೆಯಬೇಕು?

ನೇಪಾಳವನ್ನು ಹಿರಿಯ ತರಗತಿಯವರಿಗೆ ಹೇಳಬಹುದು. 1990ರ ಸಂವಿಧಾನ ಅಲ್ಲಿ ನಿಯಂತ್ರಿತ ರಾಜಪ್ರಭುತ್ವ ತಂದಿತು, ಆದರೆ ಸೈನ್ಯದ ನಿಷ್ಠೆ ಅರಮನೆಗೇ ಉಳಿಯಿತು. 2005ರ ಫೆಬ್ರವರಿ 1ರಂದು ರಾಜ ಜ್ಞಾನೇಂದ್ರ ಸರಕಾರವನ್ನು ವಜಾ ಮಾಡಿ ಅಧಿಕಾರ ಹಿಡಿದಾಗ ಸೈನ್ಯ ಅವನ ಜೊತೆ ನಿಂತಿತು. ಜನಾಂದೋಲನದ ಬಳಿಕ 2006ರ ಏಪ್ರಿಲ್ ಕೊನೆಗೆ ಮರಳಿ ಸೇರಿದ ಸಂಸತ್ತು ಮೊದಲು ಮಾಡಿದ ಕೆಲಸಗಳಲ್ಲಿ ಸೈನ್ಯವನ್ನು ಅವನ ಕೈಯಿಂದ ತೆಗೆದದ್ದೂ, ಅವನ ಆಸ್ತಿಗೆ ತೆರಿಗೆ ಹಾಕಲು ತೀರ್ಮಾನಿಸಿದ್ದೂ ಸೇರಿವೆ. 2008ರ ಮೇ 28ಕ್ಕೆ ರಾಜಪ್ರಭುತ್ವವೇ ಮುಗಿಯಿತು.

ಹಾಗಾಗಿ ಯಾವ ರಾಜ್ಯದ ಬಗ್ಗೆ ಪಾಠ ಮಾಡುವಾಗಲೂ ಸನ್ನದಿನ ಹೆಸರು, ಇಸವಿ ಬರೆಸಿದ ಮೇಲೆ ಮಕ್ಕಳಿಂದ ನಾಲ್ಕು ಪ್ರಶ್ನೆ ಕೇಳಿಸಿ: ತೆರಿಗೆಗೆ ಒಪ್ಪಿಗೆ ಯಾರದು, ಎಷ್ಟು ಕಾಲಕ್ಕೆ? ಸೈನಿಕನ ಸಂಬಳ ಮತ್ತು ಶಿಸ್ತು ಯಾರ ಕೈಯಲ್ಲಿ? ನ್ಯಾಯಾಧೀಶನನ್ನು ತೆಗೆಯುವವರು ಯಾರು? ರಾಜ ಕರೆಯದಿದ್ದರೂ ಸಭೆ ಸೇರುತ್ತದೆಯೇ? ಇವೇ ಪ್ರಶ್ನೆಗಳನ್ನು ನಮ್ಮ ಸಂವಿಧಾನಕ್ಕೂ ಹಾಕಿ ನೋಡಿಸಿ. 265ನೆಯ ವಿಧಿ ಕಾನೂನಿನ ಆಧಾರವಿಲ್ಲದೆ ತೆರಿಗೆಯಿಲ್ಲ ಎನ್ನುತ್ತದೆ. ವರ್ಷ ವರ್ಷ ಇಲಾಖಾವಾರು ಬೇಡಿಕೆಗಳಿಗೆ ಲೋಕಸಭೆಯ ಮತ ಬೇಕೆನ್ನುವುದು 113. ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಬೀಳಬಾರದೆಂಬ ನಿಯಮ ಸಂಸತ್ತಿಗೆ 85ರಲ್ಲಿ, ವಿಧಾನಸಭೆಗೆ 174ರಲ್ಲಿ ಇದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಲು ಎರಡೂ ಸದನಗಳ ವಿಶೇಷ ಬಹುಮತ ಬೇಕೆನ್ನುವ 124(4)ರಲ್ಲಿ 1701ರ ಕಾಯ್ದೆಯ ದನಿ ನೇರವಾಗಿ ಕೇಳಿಸುತ್ತದೆ.

ಇಸವಿಗಳ ಬಗ್ಗೆ ಒಂದು ಎಚ್ಚರಿಕೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಿಂದ ಅದು ಜನವರಿ 1ಕ್ಕೆ ಬಂತು. ಹೀಗಾಗಿ ಜನವರಿಯಿಂದ ಮಾರ್ಚ್ 24ರವರೆಗಿನ ಘಟನೆಗಳಿಗೆ ಹಳೆಯ ದಾಖಲೆಗಳಲ್ಲಿ ಒಂದು ವರ್ಷ ಹಿಂದಿನ ಇಸವಿ ಇರುತ್ತದೆ. ಚಾರ್ಲ್ಸ್‌ನ ಶಿರಚ್ಛೇದ 1648, ಆ್ಯನ್ ಅಂಕಿತ ನಿರಾಕರಿಸಿದ್ದು 1707, ಹಕ್ಕುಗಳ ಘೋಷಣೆ 1688 ಎಂದು ಎಲ್ಲಾದರೂ ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. ವಿದ್ಯಾರ್ಥಿಗಳಿಗೆ 1649, 1708, 1689 ಎಂದೇ ಬರೆಸಿ. ಪಠ್ಯದಲ್ಲೂ ಪ್ರಶ್ನೆಪತ್ರಿಕೆಯಲ್ಲೂ ಬಳಸುವುದು ಇಂದಿನ ಲೆಕ್ಕವನ್ನೇ.